ಸೈಕಲ್ಲಿನ ಮೂರು ರಿಂಗ್ ತೆಗೆದು ಮುಂದೆ ಒಂದೇ ಹಾಕುವುದಾದರೆ ಯಾವುದು ಸರಿ? ದುಡ್ಡು, ತೂಕ, ಓಟ ಮೂರೂ ನೋಡಿ ಹೇಳಿ

ಬನಶಂಕರಿ ಸವಾರ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಆರು ವರ್ಷದ ಹಳೆಯ, ಮುಂದೆ ಮಾತ್ರ ಶಾಕ್ ಇರುವ ಹಾರ್ಡ್‌ಟೇಲ್ ಇದೆ. 29 ಇಂಚಿನ ಚಕ್ರ, ಮುಂದೆ ಪೆಡಲಿನ ಬಳಿ 42-32-22 ಹಲ್ಲಿನ ಮೂರು ರಿಂಗ್, ಹಿಂದಿನ ಚಕ್ರದಲ್ಲಿ 8 ಗೇರಿನ 11-34 ಕ್ಯಾಸೆಟ್ (ಹಲ್ಲುಚಕ್ರಗಳ ಗುಂಪು, ಸಣ್ಣದಕ್ಕೆ 11 ಹಲ್ಲು, ದೊಡ್ಡದಕ್ಕೆ 34). ವಾರಕ್ಕೆ ಮೂರು ದಿನ ಎಲೆಕ್ಟ್ರಾನಿಕ್ ಸಿಟಿಗೆ ಆಫೀಸು, ಭಾನುವಾರ ತುರಹಳ್ಳಿ ಕಾಡಿನ ಕಡೆ, ತಿಂಗಳಿಗೊಮ್ಮೆ ನಂದಿ ಬೆಟ್ಟ.

ಹೋದ ಭಾನುವಾರ ಒಂದು ಬಂಡೆ ಏರುವಾಗ 32ರಿಂದ 22ಕ್ಕೆ ಇಳಿಸಿದೆ. ಚೈನು ಒಳಗೆ ಬಿದ್ದು ಫ್ರೇಮಿಗೂ ರಿಂಗಿಗೂ ನಡುವೆ ಸಿಕ್ಕಿಕೊಂಡಿತು. ಎಳೆದೂ ಎಳೆದೂ ಬೆರಳು ಕುಯ್ದುಕೊಂಡಿತು, ಫ್ರೇಮಿನ ಬಣ್ಣ ಹೋಗಿ ಲೋಹ ಕಾಣಿಸುತ್ತಿದೆ. ಈ ವರ್ಷ ಇದು ನಾಲ್ಕನೇ ಸಲ. ಇನ್ನು ಸಾಕು ಅನ್ನಿಸಿದೆ. ಮುಂದೆ ಒಂದೇ ರಿಂಗ್ ಹಾಕಬೇಕು. ಬಜೆಟ್ 20,000 ರೂಪಾಯಿ. 10 ಗೇರೋ, 11 ಗೇರೋ, 12 ಗೇರೋ? ಕಂಪನಿ ಶಿಮಾನೊನೋ ಸ್ರಾಮೋ? ಹಾಕಿದವರು ಹೇಳಿ, ದಯವಿಟ್ಟು.

ಸ್ಪ್ಯಾನರ್ ಕೈ:

ಏನೂ ತೆಗೆದುಕೊಳ್ಳುವ ಮೊದಲು ಎರಡು ಜಾಗ ನೋಡಿ.

ಮೊದಲನೆಯದು ಹಿಂದಿನ ಹಬ್, ಅಂದರೆ ಚಕ್ರದ ನಡುವಿನ ಗುಂಬ. ಕಡಿಮೆ ಬೆಲೆಯ ಎಷ್ಟೋ ಸೈಕಲ್ಲುಗಳಲ್ಲಿ ಗೇರಿನ ಗುಂಪು ಹಬ್ಬಿನ ಮೇಲೆ ತಿರುಪಿನ ಹಾಗೆ ಕೂತಿರುತ್ತದೆ. ಅದು ಫ್ರೀವೀಲ್. ಅದಕ್ಕೆ ಈ ಯಾವ ಕ್ಯಾಸೆಟ್ಟೂ ಕೂರುವುದಿಲ್ಲ, ಚಕ್ರವನ್ನೇ ಬದಲಿಸಬೇಕು. ನಿಮ್ಮದು 8 ಗೇರು, ಹಾಗಾಗಿ ಫ್ರೀಹಬ್ (ಕ್ಯಾಸೆಟ್ಟನ್ನು ಜಾರಿಸಿ ಕೂರಿಸುವ ಹಬ್) ಇರುವ ಸಾಧ್ಯತೆ ಜಾಸ್ತಿ. ಚಕ್ರ ಬಿಚ್ಚಿ ಸಣ್ಣ ಹಲ್ಲಿನ ಹೊರಗೆ ನೋಡಿ. ಕ್ಯಾಸೆಟ್ಟನ್ನು ಬಿಗಿಹಿಡಿಯುವ ಲಾಕ್‌ರಿಂಗ್ ಕಂಡರೆ ಫ್ರೀಹಬ್. ಹಾಗಿದ್ದರೆ ಕೆಲಸ ಸುಲಭ.

ಎರಡನೆಯದು ಕ್ರ್ಯಾಂಕ್, ಅಂದರೆ ಪೆಡಲು, ರಿಂಗ್ ಎರಡೂ ಕೂರುವ ತೋಳು. ಮೂರು ರಿಂಗೂ ರಿವೆಟ್ ಹೊಡೆದು ಒಂದಕ್ಕೊಂದು ಅಂಟಿಸಿದ್ದರೆ ಒಂದನ್ನು ಮಾತ್ರ ಬದಲಿಸಲು ಆಗುವುದಿಲ್ಲ, ಕ್ರ್ಯಾಂಕೇ ಹೊಸದು ಬೇಕು. ನಾಲ್ಕು ಬೋಲ್ಟ್ ಇದ್ದು ಅವು ಕೂತಿರುವ ವೃತ್ತದ ಅಡ್ಡಳತೆ 104 ಮಿ.ಮೀ. ಇದ್ದರೆ ಹೊರಗಿನದ್ದು, ಒಳಗಿನದ್ದು ಎರಡನ್ನೂ ತೆಗೆದು ನಡುವಿನ ಜಾಗದಲ್ಲಿ ಹೊಸ ರಿಂಗ್ ಕೂರಿಸಬಹುದು. ಬೋಲ್ಟ್ ಮಾತ್ರ ಗಿಡ್ಡದ್ದು ಬೇಕು. ಹಳೆಯ ಉದ್ದದ ಬೋಲ್ಟನ್ನೇ ಹಾಕಿದರೆ ಅದು ಬಿಗಿಯಾದ ಹಾಗೆ ಅನ್ನಿಸುತ್ತದೆ, ರಿಂಗ್ ಮಾತ್ರ ಅಲ್ಲಾಡುತ್ತಿರುತ್ತದೆ. ಇದನ್ನು ಹೇಳದೆ ರಿಂಗ್ ಮಾರುವವರು ತುಂಬಾ ಜನ ಇದ್ದಾರೆ.

ರಿಂಗ್ ತೆಗೆದುಕೊಳ್ಳುವಾಗ ನ್ಯಾರೋ-ವೈಡ್ ಅಂತಲೇ ಕೇಳಿ. ಒಂದು ಹಲ್ಲು ದಪ್ಪ, ಪಕ್ಕದ್ದು ತೆಳು. ಚೈನಿನ ಒಳ ಕೊಂಡಿ ಸಣ್ಣದು, ಹೊರ ಕೊಂಡಿ ಅಗಲ, ಎರಡಕ್ಕೂ ಹಲ್ಲು ಸರಿಯಾಗಿ ಕೂರುತ್ತದೆ. ಚೈನನ್ನು ಹಿಡಿದಿಡುವುದು ಅದೇ. ಹಿಂದಿನ ಡಿರೇಲರಿನಲ್ಲಿ (ಚೈನನ್ನು ಹಲ್ಲಿನಿಂದ ಹಲ್ಲಿಗೆ ಸರಿಸುವ ಸಾಮಾನು) ಚೈನು ಕುಣಿಯದ ಹಾಗೆ ಬಿಗಿ ಹಿಡಿಯುವ ಕ್ಲಚ್ಚೂ ಇರಲೇಬೇಕು. ಇವೆರಡೂ ಇಲ್ಲದೆ ಒಂದೇ ರಿಂಗ್ ಹಾಕಿದರೆ ತುರಹಳ್ಳಿಯ ಮೊದಲ ಬಂಡೆಯಲ್ಲೇ ಚೈನು ಕೆಳಗೆ.

ಹನ್ನೆರಡು ಗೇರು:

ನಾನು 12 ಗೇರಿನ ಪರ. ಶಿಮಾನೊದ ಎಕ್ಸ್‌ಟಿ ಎಂ8100 ಹಾಕಿ ಮೂರು ವರ್ಷ ಆಯಿತು, ಒಂದು ದಿನವೂ ಬೇಸರ ಆಗಿಲ್ಲ.

ಸ್ವಲ್ಪ ಹಿಂದಿನ ಕಥೆ ಹೇಳಿದರೆ ಬೆಲೆ ಯಾಕೆ ಹೀಗೆ ಅಂತ ಅರ್ಥ ಆಗುತ್ತದೆ. 2012ರಲ್ಲಿ ಸ್ರಾಮ್ ಎಕ್ಸ್‌ಎಕ್ಸ್1 ತಂದಿತು, 11 ಗೇರು, 10-42 ಕ್ಯಾಸೆಟ್. 10 ಹಲ್ಲು ಹಳೆಯ ಫ್ರೀಹಬ್ಬಿನ ಮೇಲೆ ಕೂರುವುದಿಲ್ಲ, ಅದಕ್ಕೇ ಎಕ್ಸ್‌ಡಿ ಅಂತ ಹೊಸ ಫ್ರೀಹಬ್ ಮಾಡಿದರು. 2016ರಲ್ಲಿ ಸ್ರಾಮಿನದ್ದೇ ಈಗಲ್ ಬಂತು, 12 ಗೇರು, 10-50. ಶಿಮಾನೊ 2018ರಲ್ಲಿ ತನ್ನ ಮೇಲ್ಮಟ್ಟದ ಗುಂಪು ಎಕ್ಸ್‌ಟಿಆರ್ ಎಂ9100 ತಂದಿತು, 10-51. ಅದಕ್ಕೆ ಮೈಕ್ರೋ ಸ್ಪ್ಲೈನ್ ಅಂತ ಇನ್ನೊಂದು ಫ್ರೀಹಬ್. 2019ರಲ್ಲಿ ಎಕ್ಸ್‌ಟಿ, ಎಸ್‌ಎಲ್‌ಎಕ್ಸ್. 2020ರಲ್ಲಿ ಕಡಿಮೆ ಬೆಲೆಯ ಡಿಯೋರ್ ಎಂ6100. ಎರಡೇ ವರ್ಷದಲ್ಲಿ ಮೇಲಿನ ಗುಂಪಿನ ಹಲ್ಲಿನ ಲೆಕ್ಕ ಡಿಯೋರಿಗೆ ಇಳಿದು ಬಂತು.

ಈಗ ತೂಕ. ಶಿಮಾನೊ 10-51 ಕ್ಯಾಸೆಟ್ ಡಿಯೋರಿನಲ್ಲಿ ಸುಮಾರು 590 ಗ್ರಾಂ, ಎಸ್‌ಎಲ್‌ಎಕ್ಸ್ ಸುಮಾರು 530, ಎಕ್ಸ್‌ಟಿ ಸುಮಾರು 470, ಎಕ್ಸ್‌ಟಿಆರ್ ಸುಮಾರು 370. ಹಲ್ಲುಗಳ ಲೆಕ್ಕ ನಾಲ್ಕರಲ್ಲೂ ಒಂದೇ, ಬದಲಾಗುವುದು ಲೋಹ. ಡಿಯೋರ್ ಪೂರ್ತಿ ಉಕ್ಕು. ಎಸ್‌ಎಲ್‌ಎಕ್ಸ್‌ನಲ್ಲಿ ದೊಡ್ಡ ಹಲ್ಲೊಂದು ಅಲ್ಯೂಮಿನಿಯಂ, ಎಕ್ಸ್‌ಟಿಯಲ್ಲಿ ಎರಡು, ಎಕ್ಸ್‌ಟಿಆರ್‌ನಲ್ಲಿ ಟೈಟಾನಿಯಂ ಕೂಡ ಇದೆ. ಸ್ರಾಮ್ ಕಡೆ ಎನ್‌ಎಕ್ಸ್ ಈಗಲ್ ಕ್ಯಾಸೆಟ್ ಸುಮಾರು 615, ಜಿಎಕ್ಸ್ ಸುಮಾರು 450.

ಓಟದ ವಿಷಯದಲ್ಲಿ ಒಂದು ಮಾತು. ಶಿಮಾನೊದ ಈ 12 ಗೇರಿನ ಹೈಪರ್‌ಗ್ಲೈಡ್ ಪ್ಲಸ್ ಕ್ಯಾಸೆಟ್ಟಿನಲ್ಲಿ ಪೆಡಲಿನ ಮೇಲೆ ಪೂರ್ತಿ ಭಾರ ಹಾಕಿ ಏರುತ್ತಿದ್ದಾಗಲೂ ಗೇರು ಬದಲಾಗುತ್ತದೆ. ಕಾಲು ಸಡಿಲ ಬಿಡಬೇಕಾಗಿಲ್ಲ. ಕಲ್ಲಿನ ಏರಿನಲ್ಲಿ ಇದು ನಿಜವಾಗಿ ಗೊತ್ತಾಗುತ್ತದೆ.

ಯಲಹಂಕ ಏರು:

12 ಗೇರು ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀವು ಗೇರಿನ ಸಂಖ್ಯೆಯಿಂದ ಶುರು ಮಾಡಬೇಡಿ, ನಿಮ್ಮ ಕಾಲಿಗೆ ಬೇಕಾದ ಅತಿ ಹಗುರ ಗೇರಿನಿಂದ ಶುರು ಮಾಡಿ. ನಾನು ಮೊದಲ ಸಲ ತಪ್ಪು ಮಾಡಿದ್ದು ಅಲ್ಲೇ. 32 ಹಲ್ಲಿನ ರಿಂಗ್, ಹಿಂದೆ 11-42 ಹಾಕಿಸಿಕೊಂಡೆ. ಅವಲಹಳ್ಳಿ ಕಾಡಿನ ಹಾದಿಯಲ್ಲಿ ಆರಾಮಾಗಿತ್ತು, ನಂದಿಯಲ್ಲಿ ಮಂಡಿ ಹಿಡಿದುಕೊಂಡಿತು. ಎರಡು ತಿಂಗಳಲ್ಲಿ ಮತ್ತೆ ದುಡ್ಡು ಖರ್ಚು.

ಲೆಕ್ಕ ಸುಲಭ. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ. ನಿಮ್ಮ ಈಗಿನ ಅತಿ ಹಗುರ ಗೇರು 22/34, ಅಂದರೆ 0.65. ಹೊಸದರಲ್ಲಿ ಇದಕ್ಕಿಂತ ಭಾರ ಆಗಬಾರದು ಅಂತ ಇಟ್ಟುಕೊಳ್ಳಿ.

32/42 ಅಂದರೆ 0.76, ನಿಮಗೆ ಬೇಡ. 32/46 ಅಂದರೆ 0.70, ಈಗಲೂ ಭಾರವೇ. 30/46 ಅಂದರೆ 0.65, ಸರಿಸಮ. 30/48 ಅಂದರೆ 0.625. 32/51 ಹತ್ತಿರ ಹತ್ತಿರ ಅಷ್ಟೇ, 0.63. 30/51 ಹಾಕಿದರೆ 0.59, ಈಗಿನದ್ದಕ್ಕಿಂತ ಚೆನ್ನಾಗಿ ಹಗುರ. ನೋಡಿ, 10 ಗೇರಿನ 11-48ಕ್ಕೆ 30ರ ರಿಂಗ್ ಹಾಕಿದವನಿಗೂ, 12 ಗೇರಿನ 10-51ಕ್ಕೆ 32 ಹಾಕಿದವನಿಗೂ ಏರಿನಲ್ಲಿ ಕಾಲಿಗೆ ಸಿಗುವುದು ಒಂದೇ. ಮುಂದಿನ ರಿಂಗಿನಲ್ಲಿ ಎರಡು ಹಲ್ಲು ಕಡಿಮೆ ಮಾಡಲು ಆಗುವ ಖರ್ಚು ಎಷ್ಟು ಹೇಳಿ? ಏನೂ ಇಲ್ಲ ಅಲ್ವಾ.

ಕಳೆದುಕೊಳ್ಳುವುದು ಮೇಲಿನ ವೇಗದಲ್ಲಿ. 29 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.3 ಮೀಟರ್ ಹೋಗುತ್ತದೆ. ನಿಮಿಷಕ್ಕೆ 90 ಸಲ ಪೆಡಲು ತಿರುಗಿಸಿದರೆ ಈಗಿನ 42/11ರಲ್ಲಿ ಗಂಟೆಗೆ ಸುಮಾರು 47 ಕಿ.ಮೀ. 32/10ರಲ್ಲಿ ಸುಮಾರು 40. 32/11ರಲ್ಲಿ 36. 30/11ರಲ್ಲಿ 34. ಆಫೀಸಿನ ದಾರಿಯಲ್ಲಿ ಬೊಮ್ಮನಹಳ್ಳಿ ದಾಟುವಾಗ 34ಕ್ಕಿಂತ ಜೋರಾಗಿ ಎಷ್ಟು ಹೊತ್ತು ಹೋಗುತ್ತೀರಿ, ನೀವೇ ಯೋಚಿಸಿ.

ಇನ್ನೊಂದು ವಿಷಯ ತುಂಬಾ ಜನ ಗಮನಿಸುವುದಿಲ್ಲ. ಡಿಯೋರ್ ಎಂ5100, 11 ಗೇರಿನ 11-51. ಅದರ ಹಲ್ಲು 11-13-15-18-21-24-28-33-39-45-51. 12 ಗೇರಿನ 10-51ದ್ದು 10-12-14-16-18-21-24-28-33-39-45-51. ಎರಡನ್ನೂ ಒಂದರ ಕೆಳಗೆ ಒಂದು ಬರೆದು ನೋಡಿ. 18ರಿಂದ 51ರ ತನಕ ಒಂದೇ! ವ್ಯತ್ಯಾಸ ಇರುವುದು ಬರೀ ವೇಗದ ಗೇರುಗಳಲ್ಲಿ. ಅದೂ ಅಲ್ಲದೆ 11-51 ನಿಮ್ಮ ಹಳೆಯ ಫ್ರೀಹಬ್ಬಿನ ಮೇಲೇ ಕೂರುತ್ತದೆ.

ಗಾಂಧಿಬಜಾರ್ ಪೆಡಲು:

ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಮೂರು ರಿಂಗ್ ಬಿಟ್ಟಿಲ್ಲ. ಮೈಸೂರಿಗೆ ಹೋಗಿ ಬರುತ್ತೇನೆ, ದೂರದ ಓಟ ಜಾಸ್ತಿ. ನನ್ನ 3×8ರ (ಮುಂದೆ 3, ಹಿಂದೆ 8) ವ್ಯಾಪ್ತಿ, ಅಂದರೆ ಅತಿ ವೇಗದ ಗೇರನ್ನು ಅತಿ ಹಗುರದ್ದರಿಂದ ಭಾಗಿಸಿದರೆ ಬರುವುದು, ಶೇಕಡ 590, 11-51ರದ್ದು 464. ಹತ್ತಿರ ಹತ್ತಿರ ಗೇರು ಸಿಗುತ್ತದೆ, ಕಾಲಿನ ಲಯ ಕೆಡುವುದಿಲ್ಲ. 8 ಗೇರಿನ ಚೈನು, ಕ್ಯಾಸೆಟ್ ಎರಡೂ ಸೇರಿ ಹೋದ ಸಲ ನಾನು ಕೊಟ್ಟದ್ದು 1,900 ರೂಪಾಯಿ. ಯಾವ ಊರಿನ ಅಂಗಡಿಯಲ್ಲೂ ಸಿಗುತ್ತದೆ.

ನಿಮಗೆ ತೊಂದರೆ ಚೈನು ಬೀಳುವುದು ಮಾತ್ರ ಆದರೆ ಮುಂದಿನ ಡಿರೇಲರ್ ಚೈನನ್ನು ತೀರಾ ಒಳಗೆ ತಳ್ಳದ ಹಾಗೆ ತಡೆಯುವ ಲಿಮಿಟ್ ಸ್ಕ್ರೂ ಸರಿ ಮಾಡಿಸಿ ನೋಡಿದ್ದೀರಾ? ಸ್ಕ್ರೂ ಒಂಚೂರು ತಿರುಗಿಸಿದರೆ ಮುಗಿಯುವಷ್ಟು ಸಣ್ಣ ಕೆಲಸ ಅದು.

ಬನಶಂಕರಿ ಸವಾರ:

ಎಲ್ಲರಿಗೂ ಧನ್ಯವಾದ, ಇಷ್ಟು ಬಿಡಿಸಿ ಹೇಳುತ್ತೀರಿ ಅಂದುಕೊಂಡಿರಲಿಲ್ಲ. ಚಕ್ರ ಬಿಚ್ಚಿ ನೋಡಿದೆ, ಲಾಕ್‌ರಿಂಗ್ ಇದೆ. ಕ್ರ್ಯಾಂಕಿನಲ್ಲಿ ನಾಲ್ಕು ಬೋಲ್ಟ್, 104.

ಗಾಂಧಿಬಜಾರ್ ಪೆಡಲು ಅವರೇ, ಸ್ಕ್ರೂ ಎರಡು ಸಲ ಸರಿ ಮಾಡಿಸಿದೆ. ಸಮತಟ್ಟು ರಸ್ತೆಯಲ್ಲಿ ಬೀಳುವುದಿಲ್ಲ. ಬಂಡೆಯ ಮೇಲೆ ಸೈಕಲ್ ಕುಣಿಯುವಾಗ ಬೀಳುತ್ತದೆ. ಮತ್ತೆ ಕಾಡಿನಲ್ಲಿ ಎಡಗೈ, ಬಲಗೈ ಎರಡರಲ್ಲೂ ಗೇರು ಹುಡುಕುತ್ತಾ ಕೂತರೆ ದಾರಿ ನೋಡುವುದು ಯಾವಾಗ?

ಮೈಕ್ರೋಶಿಫ್ಟ್, ಶಿಮಾನೊ ಕ್ಯೂಸ್, ಸ್ರಾಮ್ ಎನ್‌ಎಕ್ಸ್ ಬಗ್ಗೆಯೂ ಯಾರಾದರೂ ಹೇಳುತ್ತೀರಾ?

ಕೆಂಪು ಧೂಳು:

ಮೈಕ್ರೋಶಿಫ್ಟ್ ಅಡ್ವೆಂಟ್ ಎಕ್ಸ್ ನನ್ನ ಸೈಕಲ್ಲಿನಲ್ಲಿದೆ. 10 ಗೇರು, 11-48, ಹಳೆಯ ಫ್ರೀಹಬ್ಬಿಗೇ ಕೂರುತ್ತದೆ, ಕ್ಲಚ್ ಇದೆ. ಶಿಫ್ಟರಿನ (ಹ್ಯಾಂಡಲಿನ ಮೇಲಿನ ಗೇರು ಬದಲಿಸುವ ಲಿವರ್) ಸದ್ದು ಸ್ವಲ್ಪ ಗಟ್ಟಿ, ಕೈಗೆ ಟಕ್ ಅಂತ ಗೊತ್ತಾಗುತ್ತದೆ, ನನಗೆ ಅದೇ ಇಷ್ಟ. ಕಷ್ಟ ಒಂದೇ. ಡಿರೇಲರ್ ಮುರಿದರೆ ಶಿಮಾನೊದ್ದು ತಂದು ಹಾಕಲು ಆಗುವುದಿಲ್ಲ, ಕೇಬಲ್ ಎಳೆಯುವ ಅಳತೆ ಬೇರೆ. ಒಂದು ಸಲ ನನ್ನದು ಕಲ್ಲಿಗೆ ಬಡಿದು ಬಗ್ಗಿತು. ಬದಲಿ ಬರಲು ಮೂರು ವಾರ ಕಾದೆ. ಬೆಂಗಳೂರಿನಲ್ಲಿ ಇದ್ದುಕೊಂಡೇ!

ಕ್ಯೂಸ್ 2023ರಲ್ಲಿ ಬಂದದ್ದು. ತಮ್ಮನ ಸೈಕಲ್ಲಿಗೆ ಇದೆ. ಅದರ ಲಿಂಕ್‌ಗ್ಲೈಡ್ ಕ್ಯಾಸೆಟ್ಟಿನ ಹಲ್ಲು ದಪ್ಪ. ಮೂರು ಪಟ್ಟು ಬಾಳಿಕೆ ಬರುತ್ತದೆ ಅಂತ ಶಿಮಾನೊ ಹೇಳುತ್ತದೆ. ಗೇರು ಮೆತ್ತಗೆ ಬದಲಾಗುತ್ತದೆ, ಚುರುಕು ಸ್ವಲ್ಪ ಕಡಿಮೆ, ಭಾರ ಜಾಸ್ತಿ. 9, 10, 11 ಗೇರಿಗೆಲ್ಲ ಕೇಬಲ್ ಅಳತೆ ಒಂದೇ ಇಟ್ಟಿದ್ದಾರೆ, ಅದು ಒಳ್ಳೆಯ ಕೆಲಸ. ಆದರೆ ಹಳೆಯ ಡಿಯೋರ್ ಸಾಮಾನಿನ ಜೊತೆ ಬೆರೆಸಲು ಆಗುವುದಿಲ್ಲ, ಹಾಕಿದರೆ ಪೂರ್ತಿ ಗುಂಪೇ ಹಾಕಬೇಕು. ದಿನಾ ಆಫೀಸಿಗೆ ಓಡಿಸುವವರಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ.

ಈಗ ನನ್ನ ಮುಖ್ಯ ಮಾತು. ಎಲ್ಲರೂ ಹಾಕಿಸುವ ಖರ್ಚು ಲೆಕ್ಕ ಹಾಕುತ್ತಾರೆ, ಸವೆದ ಮೇಲೆ ಬದಲಿಸುವ ಖರ್ಚು ಯಾರೂ ಹಾಕುವುದಿಲ್ಲ. ನಮ್ಮ ಕೆಂಪು ಮಣ್ಣು ಗೊತ್ತಲ್ಲ. ಬೇಸಿಗೆಯಲ್ಲಿ ಸವಾರಿ ಮುಗಿಸಿ ಬಂದು ಚೈನನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ. ಎಣ್ಣೆಯ ಜೊತೆ ಧೂಳು ಸೇರಿ ಕಪ್ಪು ಮುಲಾಮಿನ ಹಾಗೆ ಆಗಿರುತ್ತದೆ, ಒಳಗೆ ಮರಳು ಕರಕರ ಅನ್ನುತ್ತದೆ. ಅದು ಪಿನ್ನುಗಳ ನಡುವೆ ಅರೆಯುತ್ತಲೇ ಇರುತ್ತದೆ. 11, 12 ಗೇರಿನ ಚೈನು 0.5 ಶೇಕಡ ಹಿಗ್ಗಿದರೆ ಬದಲಿಸಬೇಕು, 10 ಗೇರಿನ ತನಕ 0.75ವರೆಗೆ ಬಿಡಬಹುದು. ಅಳತೆ ಮಾಡದೆ ಓಡಿಸಿದರೆ ಚೈನಿನ ಜೊತೆ ಕ್ಯಾಸೆಟ್ಟೂ ಹೋಗುತ್ತದೆ. ಆಗ ಎಕ್ಸ್‌ಟಿ ಕ್ಯಾಸೆಟ್ಟಿನವರ ಜೇಬಿಗೆ ಎಷ್ಟು ಬೀಳುತ್ತದೆ, ಉಕ್ಕಿನ ಕ್ಯಾಸೆಟ್ಟಿನವರಿಗೆ ಎಷ್ಟು, ಯೋಚಿಸಿ. ಡಿಯೋರಿಗೂ ಎಕ್ಸ್‌ಟಿಗೂ ತೂಕದ ವ್ಯತ್ಯಾಸ 120 ಗ್ರಾಂ. ಎರಡು ಮೊಟ್ಟೆಯಷ್ಟು.

ಹನ್ನೆರಡು ಗೇರು:

ಮೊಟ್ಟೆ ಲೆಕ್ಕ ಒಪ್ಪುತ್ತೇನೆ, ಆದರೆ ಎಲ್ಲರಿಗೂ ಅಲ್ಲ. ನನ್ನದು ಹಿಂದೆಯೂ ಶಾಕ್ ಇರುವ ಫುಲ್ ಸಸ್ಪೆನ್ಷನ್. ಹಿಂದಿನ ಚಕ್ರದ ಭಾರ ಕಡಿಮೆ ಆದಷ್ಟೂ ಶಾಕ್ ಚುರುಕಾಗಿ ಕೆಲಸ ಮಾಡುತ್ತದೆ, ಕ್ಯಾಸೆಟ್ ಇರುವುದು ಅಲ್ಲೇ. ಹಾರ್ಡ್‌ಟೇಲಿಗೆ ಅಷ್ಟು ದುಡ್ಡು ಹಾಕಿ ಅಂತ ನಾನೂ ಹೇಳುವುದಿಲ್ಲ.

ಎನ್‌ಎಕ್ಸ್ ಈಗಲ್ ಬಗ್ಗೆ ಕೇಳಿದಿರಿ. 12 ಗೇರು, 11-50, ಹಳೆಯ ಫ್ರೀಹಬ್ಬಿಗೇ ಕೂರುತ್ತದೆ, ಅದೇ ಅದರ ದೊಡ್ಡ ಅನುಕೂಲ. ಬನಶಂಕರಿ ಸವಾರ ಅವರ ಹಬ್ಬಿಗೆ 10-51 ಹಾಕಬೇಕು ಅಂದರೆ ಮೈಕ್ರೋ ಸ್ಪ್ಲೈನ್ ಫ್ರೀಹಬ್ ಬೇಕು, ಆರು ವರ್ಷದ ಹಬ್ಬಿಗೆ ಅದು ಸಿಗುವುದು ಕಷ್ಟ, ಕೊನೆಗೆ ಚಕ್ರವನ್ನೇ ಕಟ್ಟಿಸಬೇಕಾಗುತ್ತದೆ. ಅದನ್ನು ಸೇರಿಸಿದರೆ 20,000 ಮುಗಿದೇ ಹೋಯಿತು. ಹಾಗಾಗಿ ಈ ಸೈಕಲ್ಲಿಗೆ ನನ್ನ ಮತವೂ 11-51ಕ್ಕೇ.

ಸ್ಪ್ಯಾನರ್ ಕೈ:

ಒಂದು ಎಚ್ಚರಿಕೆ. ಡಿಯೋರ್ ಅಂತ ಬರೆದಿದ್ದರೆ ಕ್ಲಚ್ ಇದೆ ಅಂತ ಅಂದುಕೊಳ್ಳಬೇಡಿ. ಎಂ4120 ಡಿರೇಲರಿನಲ್ಲಿ ಕ್ಲಚ್ ಇಲ್ಲ. ಎಂ5120ರಲ್ಲಿ ಇದೆ, ಆದರೆ ಅದು 46 ಹಲ್ಲಿನ ತನಕ. 11-51ಕ್ಕೆ ಎಂ5100 ಅಂತಲೇ ಕೇಳಿ. ಡಬ್ಬದ ಮೇಲೆ ಅಲ್ಲ, ಡಿರೇಲರಿನ ಹಿಂಭಾಗದಲ್ಲಿ ಕೊರೆದ ನಂಬರು ನೋಡಿ. ಕ್ಲಚ್ ಇದ್ದರೆ ಪಕ್ಕದಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ. ಚಕ್ರ ಬಿಚ್ಚುವಾಗ ಅದನ್ನು ಆಫ್ ಮಾಡಿ, ಓಡಿಸುವಾಗ ಆನ್.

ಹಾಕಿಸುವ ಮೊದಲು ಹ್ಯಾಂಗರ್, ಅಂದರೆ ಹಿಂದಿನ ಡಿರೇಲರ್ ಕೂರುವ ಲೋಹದ ತುಂಡು, ನೇರ ಮಾಡಿಸಿ. ಸೈಕಲ್ ಬಲಕ್ಕೆ ಬಿದ್ದಾಗೆಲ್ಲ ಅದು ಒಂಚೂರು ಒಳಗೆ ಬಗ್ಗುತ್ತದೆ. 8 ಗೇರಿನಲ್ಲಿ ಗೊತ್ತಾಗುವುದಿಲ್ಲ, 11ರಲ್ಲಿ ಪ್ರತಿ ಗೇರಿಗೂ ಗೊತ್ತಾಗುತ್ತದೆ. ಬಿ ಸ್ಕ್ರೂ ಕೂಡ ಅಳತೆಗೆ ಸರಿಯಾಗಿ ಇಡಬೇಕು. ಡಿರೇಲರಿನ ಮೇಲಿನ ಸಣ್ಣ ಚಕ್ರಕ್ಕೂ ಕ್ಯಾಸೆಟ್ಟಿನ ದೊಡ್ಡ ಹಲ್ಲಿಗೂ ನಡುವಿನ ಅಂತರ ತಪ್ಪಾದರೆ ಎಷ್ಟು ದುಡ್ಡಿನ ಸಾಮಾನು ಹಾಕಿದರೂ ಗೇರು ತಡವರಿಸುತ್ತದೆ.

ಬನಶಂಕರಿ ಸವಾರ:

11-51 ಹಾಕಿ ಆರು ವಾರ ಆಯಿತು. ಪೂರ್ತಿ ಲೆಕ್ಕ ಇಲ್ಲಿದೆ.

ನಾನು ಕೊಟ್ಟದ್ದು: ಎಂ5100 ಕ್ಯಾಸೆಟ್ 7,200, ಡಿರೇಲರ್ 5,400, ಬಲಗಡೆ ಶಿಫ್ಟರ್ 2,700, ಚೈನು 1,900, 30 ಹಲ್ಲಿನ ರಿಂಗ್ ಬೋಲ್ಟ್ ಸಮೇತ 1,750, ಕೇಬಲ್ 400, ಹ್ಯಾಂಗರ್ ನೇರ ಮಾಡಿಸಲು 300. ಒಟ್ಟು 19,650. ಜೋಡಿಸಿದ್ದು ನಾನೇ, ಒಂದು ಶನಿವಾರ ಪೂರ್ತಿ ಹಿಡಿಯಿತು.

ತೂಕವನ್ನು ಅಡುಗೆಮನೆ ತಕ್ಕಡಿಯಲ್ಲಿ ನೋಡಿದೆ. ಮುಂದಿನ ಡಿರೇಲರ್, ಎಡಗಡೆ ಶಿಫ್ಟರ್, ಅದರ ಕೇಬಲ್, ರಿಂಗುಗಳು, ಬೋಲ್ಟುಗಳು ಎಲ್ಲ ಸೇರಿ 590 ಗ್ರಾಂ ಇಳಿಯಿತು. ಖುಷಿಯಾಯಿತು. ಆಮೇಲೆ ಹೊಸ ಕ್ಯಾಸೆಟ್ ಇಟ್ಟೆ, 600 ದಾಟಿತು. ಹಳೆಯದಕ್ಕಿಂತ 260 ಗ್ರಾಂ ಜಾಸ್ತಿ. ಡಿರೇಲರ್ ಕೂಡ ಒಂದಿಷ್ಟು ಭಾರ. ಕೊನೆಗೆ ಉಳಿದದ್ದು ಸುಮಾರು 300 ಗ್ರಾಂ. ತೂಕಕ್ಕೋಸ್ಕರ ಇದನ್ನು ಮಾಡುವವರು ಇದನ್ನು ತಿಳಿದಿರಲಿ. ಎತ್ತಿ ಹಿಡಿದರೆ ಹಿಂಭಾಗ ಮೊದಲಿಗಿಂತ ಭಾರ ಅನ್ನಿಸುತ್ತದೆ.

ಓಟದ ಮಾತು ಬೇರೆ. ನಂದಿಯ ಕೊನೆಯ ಏಳೆಂಟು ಕಿಲೋಮೀಟರ್ ಏರನ್ನು ಬಹುತೇಕ 39 ಮತ್ತು 45ರಲ್ಲೇ ಹತ್ತಿದೆ. ತೀರಾ ಕಡಿದಾದ ತಿರುವುಗಳಲ್ಲಿ ಮಾತ್ರ 51. ಮೊದಲು 22/34ರಲ್ಲೂ ಎದ್ದು ನಿಲ್ಲುತ್ತಿದ್ದ ಜಾಗದಲ್ಲಿ ಈ ಸಲ ಕೂತೇ ಹೋದೆ. ಇಳಿಜಾರಿನಲ್ಲಿ 30/11 ಬೇಗ ಮುಗಿದುಹೋಗುತ್ತದೆ, ನಿಜ, ಆದರೆ ಆ ತಿರುವುಗಳಲ್ಲಿ ನನಗೆ ಬ್ರೇಕೇ ಮುಖ್ಯ. ಆಫೀಸಿನ ದಾರಿಯಲ್ಲಿ 13ರಿಂದ 11ಕ್ಕೆ, 18ರಿಂದ 15ಕ್ಕೆ ಹೋಗುವಾಗ ಕಾಲಿಗೆ ಜಿಗಿತ ಗೊತ್ತಾಗುತ್ತದೆ. 8 ಗೇರಿನ ಮೂರು ರಿಂಗಿನಲ್ಲಿ ನಡುವೆ ಒಂದು ಸಿಗುತ್ತಿತ್ತು. ಗಾಂಧಿಬಜಾರ್ ಪೆಡಲು ಅವರು ಹೇಳಿದ್ದು ಇದೇ ಅಂತ ಈಗ ಅರ್ಥ ಆಯಿತು.

ತುರಹಳ್ಳಿಯ ಅದೇ ಬಂಡೆಗೆ ಆರು ಭಾನುವಾರದಲ್ಲಿ ಐದು ಸಲ ಹೋದೆ. ಚೈನು ಒಂದು ಸಲವೂ ಬಿದ್ದಿಲ್ಲ. ಮೊದಲು ಬಂಡೆ ಇಳಿಯುವಾಗ ಚೈನು ಫ್ರೇಮಿಗೆ ಪಟಪಟ ಬಡಿಯುತ್ತಿತ್ತು. ಈಗ ಟಯರಿನ ಸದ್ದು ಮಾತ್ರ ಕೇಳಿಸುತ್ತದೆ.

ಯಲಹಂಕ ಏರು:

ತುಂಬಾ ಖುಷಿಯಾಯಿತು. ಒಂದು ಪ್ರಶ್ನೆ. 51ರಲ್ಲಿ ಇಟ್ಟು ಪೆಡಲು ಹಿಂದಕ್ಕೆ ತಿರುಗಿಸಿದರೆ ಚೈನು ಪಕ್ಕದ ಹಲ್ಲಿಗೆ ಇಳಿಯುತ್ತದಾ? ಹಳೆಯ ಕ್ರ್ಯಾಂಕ್ ಇಟ್ಟುಕೊಂಡವರಲ್ಲಿ ಕೆಲವರಿಗೆ ಹಾಗೆ ಆಗುತ್ತದೆ.

ಬನಶಂಕರಿ ಸವಾರ:

ಹೌದು, ಎರಡು ಸುತ್ತು ತಿರುಗಿಸಿದರೆ 45ಕ್ಕೆ ಇಳಿಯುತ್ತದೆ. ಬಂಡೆಯ ಮುಂದೆ ನಿಂತು ಪೆಡಲನ್ನು ಸರಿಯಾದ ಎತ್ತರಕ್ಕೆ ತರುವಾಗ ಅರ್ಧ ಸುತ್ತು ಸಾಕು, ಅಷ್ಟಕ್ಕೆ ಇಳಿಯುವುದಿಲ್ಲ. ಚೈನಿನ ಓರೆ ಕಡಿಮೆಯಾಗುವ ಹಾಗೆ ರಿಂಗನ್ನು ಒಂದು ಮಿ.ಮೀ. ಒಳಗೆ ತರಲು ತೆಳು ವಾಷರ್ ಹಾಕಿ ನೋಡಬೇಕು ಅಂತಿದ್ದೇನೆ. ಸ್ಪ್ಯಾನರ್ ಕೈ ಅವರೇ, ಬೋಲ್ಟಿನ ಉದ್ದ ಅದಕ್ಕೆ ಸಾಕಾಗುತ್ತದಾ?

ಸ್ಪ್ಯಾನರ್ ಕೈ:

ಒಂದು ಮಿ.ಮೀ.ಗೆ ಸಾಕು. ನಾಲ್ಕು ಬೋಲ್ಟಿಗೂ ಒಂದೇ ದಪ್ಪದ ವಾಷರ್ ಹಾಕಿ, ಎದುರುಬದುರು ಬಿಗಿ ಮಾಡುತ್ತಾ ಬನ್ನಿ. ಆಮೇಲೆ ರಿಂಗ್ ಫ್ರೇಮಿಗೆ ತಾಗುತ್ತದಾ ಅಂತ ಒಂದು ಸುತ್ತು ಕೈಯಲ್ಲಿ ತಿರುಗಿಸಿ ನೋಡಿ.